ಹೃದಯಕವಾಟವೂ ಅಹಿಂಸಾಣುವ್ರತವೂ

ಕಾರ್ಕಳಕ್ಕೆ ಸಮೀಪದ ಒಂದು ಗ್ರಾಮ. ಅಲ್ಲಿನ ಬಸದಿಗೆ ಅಭಿಷೇಕದ ಹೊತ್ತಿಗೆ ತಪ್ಪದೆ ಬರುತ್ತಿದ್ದ ಹಿರಿಯರೊಬ್ಬರು 2016ರ ಮಳೆಗಾಲ ಕಳೆದ ಮೇಲೆ ಒಳಗೆ ಕಾಲಿಡುವುದನ್ನು ನಿಲ್ಲಿಸಿದರು. ಬರುವುದನ್ನೇ ಬಿಟ್ಟರೆಂದಲ್ಲ. ಹೊರಗಿನ ಜಗಲಿಯವರೆಗೆ ಬರುವರು. ಕಂಬಕ್ಕೊರಗಿ ಕುಳಿತು ಗಂಟೆಯ ನಾದವನ್ನು ಕೇಳುವರು. ಇಂದ್ರರು ಗಂಧೋದಕವನ್ನು ಹೊರಗೆ ತಂದು ಕೊಟ್ಟರೆ ಕಣ್ಣಿಗೊತ್ತಿಕೊಂಡು ಹಿಂದಿರುಗುವರು. ಕೇಳಿದವರಿಗೆಲ್ಲ "ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ" ಎಂಬ ಒಂದೇ ಉತ್ತರ. ಆದರೆ ಮನೆಯ ಉಪ್ಪರಿಗೆಯನ್ನು ಅವರು ದಿನಕ್ಕೆ ಎರಡು ಮೂರು ಬಾರಿ ಹತ್ತಿ ಇಳಿಯುತ್ತಿದ್ದರು. ಇದನ್ನು ಗಮನಿಸಿದವರು ಅದೇ ಮನೆಯಲ್ಲಿದ್ದ ಅವರ ತಂಗಿ ಒಬ್ಬರೇ.

ಅಣ್ಣನಿಗೆ ಆಗ ಅರುವತ್ತೆಂಟು ವರ್ಷ. ಹೃದಯದ ಮಹಾಪಧಮನಿಯ ಕವಾಟ ಸಂಕುಚಿತವಾಗಿದ್ದುದರಿಂದ ದೂರದ ನಗರವೊಂದರಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. "ಟಿಶ್ಯೂ ಕವಾಟ ಹಾಕುತ್ತೇವೆ, ನಿಮ್ಮ ವಯಸ್ಸಿಗೆ ಅದೇ ಒಳ್ಳೆಯದು" ಎಂದು ವೈದ್ಯರು ಹೇಳಿದ್ದರು. ಟಿಶ್ಯೂ ಎಂದರೇನೆಂದು ಅವರು ಕೇಳಲಿಲ್ಲ, ವೈದ್ಯರೂ ಬಿಡಿಸಿ ಹೇಳಲಿಲ್ಲ. ಮನೆಗೆ ಬಂದ ಮೇಲೆ ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗ ಬಿಡುಗಡೆಯ ಕಾಗದವನ್ನು ಓದುತ್ತ, ಒಂದು ಶಬ್ದದ ಬಳಿ ತಡೆದು, ನಿಘಂಟು ತೆರೆದು ನೋಡಿ, "ಅಜ್ಜ, ಇದು ಹಂದಿಯದ್ದಂತೆ" ಎಂದುಬಿಟ್ಟ. ಆ ರಾತ್ರಿ ಹಿರಿಯರು ನಿದ್ರಿಸಲಿಲ್ಲ. ಮರುದಿನದಿಂದ ಅವರ ಸ್ಥಾನ ಜಗಲಿಯಾಯಿತು. ಬಹುಕಾಲದ ಅನಂತರ ಒಮ್ಮೆ ಮಾತ್ರ ತಂಗಿಯೊಡನೆ ಬಾಯಿಬಿಟ್ಟರು: "ಚರ್ಮದ ಪಟ್ಟಿಯಾದರೆ ಹೊರಗೆ ಬಿಚ್ಚಿಟ್ಟು ಒಳಗೆ ಹೋಗಬಹುದು. ಎದೆಯೊಳಗಿನದನ್ನು ಎಲ್ಲಿ ಬಿಚ್ಚಿಡಲಿ? ಇದನ್ನಿಟ್ಟುಕೊಂಡು ಮುನಿಗಳಿಗೆ ಆಹಾರ ಕೊಡಲೇ?"

ತಂಗಿಗೆ ಉತ್ತರ ತೋಚಲಿಲ್ಲ. ಎರಡು ವರ್ಷಗಳ ಅನಂತರ, 2018ರಲ್ಲಿ, ಅದೇ ಪ್ರಶ್ನೆ ಅವರ ಎದುರಿಗೇ ಬಂದು ನಿಂತಿತು.

ಕವಾಟದ ಕೆಲಸ

ಮನುಷ್ಯನ ಹೃದಯ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ಅದರೊಳಗಿನ ನಾಲ್ಕು ಕವಾಟಗಳು ಪ್ರತಿಯೊಂದು ಮಿಡಿತಕ್ಕೂ ತೆರೆದು ಮುಚ್ಚಿ ರಕ್ತವನ್ನು ಒಂದೇ ದಿಕ್ಕಿಗೆ ಹರಿಯಗೊಡುತ್ತವೆ. ಬಾಲ್ಯದಲ್ಲಿ ಬಂದ ಗಂಟಲುನೋವೊಂದು ಸರಿಯಾದ ಚಿಕಿತ್ಸೆಯಿಲ್ಲದೆ ಹೋದರೆ ಕೆಲವರಲ್ಲಿ ಸಂಧಿವಾತದ ಜ್ವರವಾಗಿ ಪರಿಣಮಿಸಿ, ಜ್ವರ ಇಳಿದ ಮೇಲೂ ಕವಾಟಗಳ ಮೇಲೆ ಕಲೆಯನ್ನು ಉಳಿಸುತ್ತದೆ. ಆ ಕಲೆ ದಶಕಗಳ ಕಾಲ ಗಡುಸಾಗುತ್ತ ಹೋಗಿ ನಡುವಯಸ್ಸಿನಲ್ಲಿ ಬಾಗಿಲನ್ನೇ ಬಿಗಿಯುತ್ತದೆ. ಭಾರತದಲ್ಲಿ ಕವಾಟರೋಗಕ್ಕೆ ಇದು ಇಂದಿಗೂ ದೊಡ್ಡ ಕಾರಣ. ತಂಗಿಯ ಎಡಭಾಗದ ಮಿಟ್ರಲ್ ಕವಾಟ ಹೀಗೆ ಹಾಳಾಗಿತ್ತು. ಸುಣ್ಣ ಕಟ್ಟಿದ ಕವಾಟವಾದುದರಿಂದ ಬಲೂನಿನಿಂದ ಹಿಗ್ಗಿಸುವಂತೆಯೂ ಇರಲಿಲ್ಲ. ಬದಲಿಸುವುದೊಂದೇ ದಾರಿಯೆಂದು ಮಂಗಳೂರಿನ ವೈದ್ಯರು ತಿಳಿಸಿದರು. ಆಗ ಅವರ ವಯಸ್ಸು ಐವತ್ತೆಂಟು.

ಬದಲಿ ಕವಾಟಗಳು ಎರಡು ಬಗೆ. ಒಂದು ಜೈವಿಕ ಕವಾಟ: ಹಂದಿಯ ಹೃದಯಕವಾಟವನ್ನೋ ದನದ ಹೃದಯದ ಹೊರಪೊರೆಯನ್ನೋ ತೆಗೆದು, ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದಮಾಡಿ, ಚೌಕಟ್ಟಿಗೆ ಹೊಲಿದು ಸಿದ್ಧಪಡಿಸಿದ್ದು. ಚರ್ಮ ಹದಮಾಡುವಲ್ಲಿಯೂ ಬಳಕೆಯಲ್ಲಿರುವ ಈ ರಾಸಾಯನಿಕವನ್ನು ಕವಾಟಕ್ಕೆ ಅಳವಡಿಸಿ ಯಶಸ್ಸು ಕಂಡವರು ಫ್ರಾನ್ಸಿನ ಶಸ್ತ್ರವೈದ್ಯ ಅಲೇನ್ ಕಾರ್ಪೆಂಟಿಯೆ; ಕಾಲ 1960ರ ದಶಕದ ಕೊನೆ. ಇದರ ಗುಣವೆಂದರೆ ರಕ್ತವನ್ನು ತೆಳುವಾಗಿಸುವ ಔಷಧಿಯನ್ನು ಈ ಕವಾಟದ ಸಲುವಾಗಿ ಜೀವನಪೂರ್ತಿ ಸೇವಿಸಬೇಕಾಗಿಲ್ಲ. ದೋಷವೆಂದರೆ ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ. ವಯಸ್ಸು ಕಡಿಮೆಯಿದ್ದಷ್ಟೂ ಬೇಗ ಸವೆಯುತ್ತದೆ.

ಎರಡನೆಯದು ಯಾಂತ್ರಿಕ ಕವಾಟ. 1960ರಲ್ಲಿ ಅಮೆರಿಕದ ವೈದ್ಯ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಲೋಹದ ಪಂಜರದೊಳಗೆ ಸಿಲಿಕೋನ್ ಗುಂಡು ಏರಿಳಿಯುವ ಕವಾಟವನ್ನು ಬಳಕೆಗೆ ತಂದರು. ಮುಂದೆ ಪರಮಾಣು ಇಂಧನದ ಕಣಗಳಿಗೆ ಲೇಪಿಸಲೆಂದು ಸಿದ್ಧವಾಗಿದ್ದ ಪೈರೋಲಿಟಿಕ್ ಇಂಗಾಲವು ರಕ್ತಕ್ಕೆ ಒಗ್ಗುವ ವಸ್ತುವೆಂದು ಕಂಡುಬಂದು ಕವಾಟದ ಎಲೆಗಳಾಯಿತು. ಈ ಕವಾಟಗಳು ದಶಕಗಟ್ಟಲೆ ಬಾಳುತ್ತವೆ. ಆದರೆ ರಕ್ತ ಅವುಗಳ ಮೇಲೆ ಹೆಪ್ಪುಗಟ್ಟಬಾರದಾದುದರಿಂದ ವಾರ್ಫರಿನ್ ಎಂಬ ಮಾತ್ರೆ ಕೊನೆಯವರೆಗೆ ಬೇಕು. ಅದರ ಅಳತೆ ತಪ್ಪದಂತೆ ಆಗಾಗ ರಕ್ತಪರೀಕ್ಷೆಯೂ ಬೇಕು. ಹೊಸ ಬಗೆಯ ಔಷಧಿಯೊಂದನ್ನು ಯಾಂತ್ರಿಕ ಕವಾಟದ ರೋಗಿಗಳಲ್ಲಿ ಪರೀಕ್ಷಿಸಿದಾಗ ಹೆಪ್ಪುಗಟ್ಟುವಿಕೆಯೂ ರಕ್ತಸ್ರಾವವೂ ಹೆಚ್ಚಿದ್ದರಿಂದ ಆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಹೀಗಾಗಿ ವಾರ್ಫರಿನ್ನೇ ಗತಿ.

ವಯೋವೃದ್ಧರಿಗೆ ಜೈವಿಕ ಕವಾಟ, ಕಿರಿಯರಿಗೆ ಯಾಂತ್ರಿಕ ಕವಾಟ ಎಂಬುದು ಸಾಮಾನ್ಯವಾದ ವೈದ್ಯಮತ; ನಡುವಿನ ವಯಸ್ಸಿನವರಿಗೆ ಎರಡೂ ಸಲ್ಲುತ್ತವೆ. ಅಣ್ಣನಿಗೆ ದೊರೆತದ್ದು ವೈದ್ಯಕೀಯ ದೃಷ್ಟಿಯಿಂದ ಯೋಗ್ಯವಾದ ಕವಾಟವೇ. ತಪ್ಪಿದ್ದು ಕವಾಟದಲ್ಲಿ ಅಲ್ಲ; ಹೇಳಬೇಕಾದ ಮಾತನ್ನು ಹೇಳದೆ ಉಳಿಸಿದ್ದರಲ್ಲಿ.

ಕೇಳಿದ ಪ್ರಶ್ನೆ, ಬಂದ ಉತ್ತರ

ತಂಗಿಯನ್ನು ಪರೀಕ್ಷಿಸಿದ ಶಸ್ತ್ರವೈದ್ಯರೂ ಮೊದಲಿಗೆ ಟಿಶ್ಯೂ ಕವಾಟವನ್ನೇ ಸೂಚಿಸಿದರು. ಊರು ದೂರ, ರಕ್ತಪರೀಕ್ಷೆಗೆ ಓಡಾಡುವುದು ಕಷ್ಟ ಎಂಬುದು ಅವರ ಕಾಳಜಿ.

"ಯಾವ ಪ್ರಾಣಿಯದು, ಡಾಕ್ಟ್ರೇ?" ಎಂದು ತಂಗಿ ಕೇಳಿದರು.

ವೈದ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರು ಬಹಳ ಕಡಿಮೆ, ಅಮ್ಮ" ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಯಾಂತ್ರಿಕ ಕವಾಟವಾದರೆ ಪ್ರಾಣಿಯ ಅಂಗ ದೇಹದೊಳಗೆ ಉಳಿಯುವುದಿಲ್ಲ ಎಂದರು. ತಂಗಿಯ ಮುಖ ಅರಳಿತು. ಆದರೆ ವೈದ್ಯರು ಅಲ್ಲಿಗೆ ನಿಲ್ಲಿಸಲಿಲ್ಲ. "ಕೇಳಿದ್ದೀರಿ, ಅರ್ಧ ಹೇಳಿದರೆ ತಪ್ಪಾಗುತ್ತದೆ. ಹೃದಯವನ್ನು ನಿಲ್ಲಿಸಿ ಯಂತ್ರದ ಮೂಲಕ ರಕ್ತ ಹರಿಸುವಾಗ ಅದು ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಲೇಬೇಕು. ಅದನ್ನು ತೆಗೆಯುವುದು ಹೆಚ್ಚಾಗಿ ಹಂದಿಯ, ಕೆಲವೆಡೆ ದನದ ಕರುಳಿನ ಒಳಪೊರೆಯಿಂದ. ಅದರ ಪ್ರಭಾವ ಇಳಿಸಲು ಕೊಡುವ ಪ್ರೋಟಮಿನ್ ಎಂಬುದು ಮೀನಿನಿಂದ ಬಂದದ್ದು. ಪ್ರಯೋಗಾಲಯದಲ್ಲಿ ತಯಾರಿಸಿದ ಬೇರೆ ಔಷಧಿ ಇದೆ. ಆದರೆ ಅದರ ಪ್ರಭಾವವನ್ನು ತಕ್ಷಣ ಇಳಿಸುವ ಮದ್ದಿಲ್ಲ. ಹೆಪಾರಿನ್ ಒಗ್ಗದ ಅಪರೂಪದ ರೋಗಿಗಳಿಗಷ್ಟೇ ಅದನ್ನು ಬಳಸುತ್ತೇವೆ. ನೀವು ಯಾವ ಕವಾಟ ಆರಿಸಿದರೂ ಆ ಕೆಲವು ಗಂಟೆ ಹೆಪಾರಿನ್ ತಪ್ಪಿದ್ದಲ್ಲ."

ತಂಗಿ ಏನೂ ಹೇಳದೆ ಎದ್ದು ಬಂದರು. ದಾರಿಯಲ್ಲಿ ಅವರ ಮನಸ್ಸಿಗೆ ಮೂರನೆಯದೊಂದು ದಾರಿ ಕಾಣಿಸತೊಡಗಿತ್ತು: ಚಿಕಿತ್ಸೆಯೇ ಬೇಡ, ವ್ರತನಿಯಮಗಳೊಡನೆ ಇದ್ದಷ್ಟು ದಿನ ಇದ್ದು ಹೋಗುವುದು.

ಪಂಡಿತರ ವಿವೇಚನೆ

ಆ ಊರಿನಲ್ಲಿ ಶಾಲೆಯ ಸಂಸ್ಕೃತ ಅಧ್ಯಾಪಕರಾಗಿ ನಿವೃತ್ತರಾದ ವೃದ್ಧ ಪಂಡಿತರೊಬ್ಬರಿದ್ದರು. ತಂಗಿ ತಮ್ಮ ನಿರ್ಧಾರವನ್ನು ಅವರ ಮುಂದಿಟ್ಟರು. ಪಂಡಿತರು ಮೊದಲು ಮೂರನೆಯ ದಾರಿಯನ್ನೇ ಮುಚ್ಚಿದರು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ಕಾರಣಗಳಲ್ಲಿ ರೋಗವೂ ಒಂದಾದರೂ, ಅದು ಪ್ರತೀಕಾರವಿಲ್ಲದ ರೋಗವಾಗಿರಬೇಕು. ಪರಿಹಾರ ಕೈಗೆಟಕುವಂತಿರುವಾಗ ಅದನ್ನು ತಳ್ಳುವುದು ಸಲ್ಲೇಖನವೆನಿಸದು. ಸ್ವತಃ ಸಮಂತಭದ್ರರಿಗೆ ಭಸ್ಮಕವ್ಯಾಧಿ ಬಂದಾಗ ಅವರು ಸಲ್ಲೇಖನವನ್ನು ಬೇಡಿದರೆಂದೂ, ಅವರಿಂದ ಧರ್ಮಕ್ಕೆ ಇನ್ನೂ ಆಗಬೇಕಾದ ಕಾರ್ಯವಿದೆಯೆಂದು ಗುರುಗಳು ಒಪ್ಪದೆ ರೋಗವನ್ನು ಮೊದಲು ಗುಣಪಡಿಸಿಕೊಳ್ಳುವಂತೆ ಆಜ್ಞಾಪಿಸಿದರೆಂದೂ ಪರಂಪರೆಯ ಕಥೆ ಹೇಳುತ್ತದೆ.

ಹಾಗಾದರೆ ಔಷಧಿಯ ಹೆಸರಿನಲ್ಲಿ ಏನನ್ನಾದರೂ ಒಪ್ಪಬಹುದೇ? ಪಂಡಿತರು ಇದಕ್ಕೂ ಪೂರ್ವಿಕರನ್ನೇ ನೆನೆದರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಮಾಂಸ, ಮಧುಗಳಿಲ್ಲದೆಯೂ ಚಿಕಿತ್ಸೆ ಪೂರ್ಣವಾಗಬಲ್ಲದೆಂಬುದನ್ನು ಅವರು ತೋರಿಸಿದರು. ಮಾಂಸಸೇವನೆಯ ನಿಷ್ಫಲತೆಯನ್ನು ಕುರಿತು ರಾಜಸಭೆಯಲ್ಲಿ ವಾದಿಸಿದ್ದು ಆ ಗ್ರಂಥದ ಕೊನೆಯಲ್ಲಿ ಹಿತಾಹಿತ ಪ್ರಕರಣವಾಗಿ ಸೇರಿದೆ. ಕನ್ನಡದಲ್ಲಿ ಜಗದ್ದಳ ಸೋಮನಾಥನ ವೈದ್ಯಗ್ರಂಥವೂ ಇದೇ ಮಾರ್ಗದ್ದು. ರೋಗಿಯನ್ನು ಬದುಕಿಸುವುದೂ ಪ್ರಾಣಿಯನ್ನು ಉಳಿಸುವುದೂ ಪರಸ್ಪರ ವಿರೋಧವೆಂದು ಆ ವೈದ್ಯರು ಎಣಿಸಲಿಲ್ಲ. ಎರಡನ್ನೂ ಕೂಡಿಸುವ ದ್ರವ್ಯಗಳನ್ನು ಹುಡುಕಿದರು. ಹುಡುಕುವುದೇ ಅವರ ಧರ್ಮವಾಗಿತ್ತು.

"ಹುಡುಕಿಯೂ ಸಿಗದಿದ್ದರೆ?" ಎಂದು ತಂಗಿ ಕೇಳಿದರು. ಹೆಪಾರಿನ್ ಅವರ ಮನಸ್ಸನ್ನು ಇನ್ನೂ ಚುಚ್ಚುತ್ತಿತ್ತು.

ಪಂಡಿತರು ಜೀವದಯಾಷ್ಟಮಿಯ ನೋಂಪಿಯನ್ನು ನೆನಪಿಸಿದರು. ಜನ್ನನು 1209ರಲ್ಲಿ ಕನ್ನಡಕ್ಕೆ ತಂದ ಯಶೋಧರನ ಕಥೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅದರಲ್ಲಿ ಪ್ರಾಣವಿರಲಿಲ್ಲ, ಆದರೂ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲಿದರು. "ವಸ್ತು ಯಾವುದೆಂದು ಮಾತ್ರ ನೋಡುವವನು ಈ ಕಥೆಯನ್ನು ಅರ್ಧವೇ ಓದಿದವನು, ಅಮ್ಮ. ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನೂ ಎಣಿಸಿದರು. ಪ್ರಮಾದವೆಂದರೆ ಎಚ್ಚರಗೇಡಿತನ. ಕೇಳದೆ ಇರುವುದು, ತಿಳಿಯಲು ಇಷ್ಟಪಡದಿರುವುದು, ಬೇರೆ ದಾರಿ ಇದ್ದೂ ನೋಡದಿರುವುದು ಪ್ರಮಾದ. ನೀವು ಕೇಳಿದ್ದೀರಿ. ತಪ್ಪಿಸಬಹುದಾದುದನ್ನು ತಪ್ಪಿಸಿ. ತಪ್ಪಿಸಲಾಗದ್ದನ್ನು ಸರಿಯೆಂದು ಸಾಧಿಸಲು ಹೋಗಬೇಡಿ. ದೋಷವೆಂದೇ ತಿಳಿದು ಆಲೋಚನೆ, ಪ್ರಾಯಶ್ಚಿತ್ತ ಮಾಡಿಕೊಳ್ಳಿ. ಗೃಹಸ್ಥನದು ಅಣುವ್ರತ. ಅದು ಅಣು ಎಂಬ ಅರಿವಿರಲಿ, ವ್ರತ ಎಂಬ ಮರೆವು ಬೇಡ."

ಹಂದಿಯನ್ನು ಕವಾಟಕ್ಕಾಗಿ ಕೊಲ್ಲುವುದಿಲ್ಲ, ಮಾಂಸಕ್ಕಾಗಿ ಕೊಂದದ್ದರ ಉಳಿಕೆಯಿಂದ ಅದು ಬರುತ್ತದೆ ಎಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ಪಂಡಿತರು ಅದನ್ನು ಪೂರ್ಣವಾಗಿ ಒಪ್ಪಲಿಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಕೊನೆಯದು ಕೊಳ್ಳುವವನನ್ನೂ ಮುಟ್ಟುತ್ತದೆ. ಆದರೆ ಅನುಮೋದನೆ ಮನಸ್ಸಿನ ಕ್ರಿಯೆ; ತಿಳಿಯದವನಲ್ಲಿ ಅದು ಎಲ್ಲಿಂದ ಬಂತು? ಈ ಮಾತು ಹೇಳುವಾಗ ಅವರ ದೃಷ್ಟಿ ಬಸದಿಯ ಜಗಲಿಯ ಕಡೆಗೆ ಹೋಗಿತ್ತು.

ತಿರುವನಂತಪುರದ ಕವಾಟ

ತಂಗಿ ಯಾಂತ್ರಿಕ ಕವಾಟವನ್ನು ಆರಿಸಿದರು. ಅವರಿಗೆ ಅಳವಡಿಸಿದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಚಿತ್ರಾ ಕವಾಟ. ವಿದೇಶೀ ಕವಾಟಗಳು ಬಡವರ ಕೈಗೆಟಕದಿದ್ದ ಕಾಲದಲ್ಲಿ, 1970ರ ದಶಕದ ಕೊನೆಯಲ್ಲಿ, ಶಸ್ತ್ರವೈದ್ಯ ಎಂ. ಎಸ್. ವಲಿಯಥಾನ್ ಅವರೂ ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಮುಂತಾದವರೂ ಇದಕ್ಕೆ ಕೈಹಾಕಿದರು. ವಲಿಯಥಾನ್ ಅವರು ಮುಂದೆ ಕಾರ್ಕಳಕ್ಕೆ ಕೂಗಳತೆಯ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದವರು.

ವಸ್ತುವಿಜ್ಞಾನದ ದೃಷ್ಟಿಯಿಂದ ಈ ಕವಾಟದ ಚರಿತ್ರೆ ಸೋಲುಗಳ ಚರಿತ್ರೆ. ಒಂದು ಮಾದರಿಯಲ್ಲಿ ಬೆಸುಗೆ ನಿಲ್ಲಲಿಲ್ಲ. ಒಂದರಲ್ಲಿ ಬಿಲ್ಲೆಯನ್ನು ನೀಲಮಣಿಯ ಹರಳಿನಿಂದ ಮಾಡಲಾಗಿತ್ತು. ಅಷ್ಟು ಗಡುಸಾದ ಹರಳು ಕುರಿಯ ಹೃದಯದಲ್ಲಿ ಒಡೆಯಿತು. ಕೊನೆಗೆ ನಿಂತದ್ದು ಮೆದುವಾದ ವಸ್ತು: ಕೃತಕ ಮಂಡಿ ಮತ್ತು ಸೊಂಟದ ಕೀಲುಗಳಲ್ಲಿ ಬಳಸುವ, ಅತ್ಯಧಿಕ ಅಣುತೂಕದ ಪಾಲಿಎಥಿಲೀನ್. ಅದರ ಬಿಲ್ಲೆ, ಕೋಬಾಲ್ಟ್ ಕ್ರೋಮಿಯಮ್ ಮಿಶ್ರಲೋಹದ ಚೌಕಟ್ಟು, ಹೃದಯಕ್ಕೆ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಬಳೆ. ಚೌಕಟ್ಟನ್ನು ಒಂದೇ ಲೋಹಖಂಡದಿಂದ ಕಡೆದು ತೆಗೆಯುತ್ತಾರೆ; ಎಲ್ಲಿಯೂ ಬೆಸುಗೆಯಿಲ್ಲ. ಇದು ಸಣ್ಣ ಸಂಗತಿಯಲ್ಲ. 1979ರಿಂದ 1986ರವರೆಗೆ ಮಾರಾಟವಾದ ವಿದೇಶೀ ಕವಾಟವೊಂದರಲ್ಲಿ ಬೆಸೆದ ಕಂಬಿ ಮುರಿದು ನೂರಾರು ರೋಗಿಗಳು ಪ್ರಾಣ ಕಳೆದುಕೊಂಡರು. ಚಿತ್ರಾ ಕವಾಟವನ್ನು ಮೊದಲ ಬಾರಿಗೆ ಮನುಷ್ಯನಿಗೆ ಅಳವಡಿಸಿದ್ದು 1990ರ ಡಿಸೆಂಬರಿನಲ್ಲಿ. ಅಲ್ಲಿಂದ ಈಚೆಗೆ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು ಅದನ್ನು ಪಡೆದಿದ್ದಾರೆ.

ಆದರೆ ಆ ಕುರಿಗಳು? ಮನುಷ್ಯರಿಗೆ ಅಳವಡಿಸುವ ಮುನ್ನ ಕವಾಟವನ್ನು ಕುರಿಗಳಲ್ಲಿ ಪರೀಕ್ಷಿಸಲಾಗಿತ್ತು. ಲೋಹದ ಕವಾಟ ಪ್ರಾಣಿಯ ಅಂಗವಲ್ಲ ನಿಜ. ಆದರೆ ಪ್ರಾಣಿಯ ಋಣವಿಲ್ಲದ ವಸ್ತುವೂ ಅಲ್ಲ. ತಂಗಿ ಇದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ತಿಳಿದಿದ್ದರು. ಹೀಗಾಗಿ ಮನೆಗೆ ಹಿಂದಿರುಗಿದ ಮೇಲೆ ತಮ್ಮ ಆಯ್ಕೆ ಶುದ್ಧ, ಅಣ್ಣನದು ಅಶುದ್ಧ ಎಂಬ ಭಾವ ಅವರಲ್ಲಿ ಹುಟ್ಟಲಿಲ್ಲ. ಎದ್ದು ನಡೆದಾಡುವಂತಾದ ಮೊದಲ ದಿನ ಅವರು ಬಸದಿಗೆ ಹೋದರು. ಒಳಗೆ ಹೋಗದೆ ಜಗಲಿಯ ಮೇಲೆ ಅಣ್ಣನ ಪಕ್ಕದಲ್ಲಿ ಕುಳಿತರು.

"ನೀನೇಕೆ ಇಲ್ಲಿ?" ಎಂದು ಅಣ್ಣ ಕೇಳಿದರು.

"ಆಪರೇಷನ್ ಹೊತ್ತಿನಲ್ಲಿ ನನ್ನ ರಕ್ತದಲ್ಲಿಯೂ ಹಂದಿಯ ಕರುಳಿನಿಂದ ತೆಗೆದ ಮದ್ದು ಹರಿದಿದೆ, ಅಣ್ಣ. ಈ ಕವಾಟಕ್ಕಾಗಿ ಕುರಿಗಳು ಸತ್ತಿವೆ. ನೀವು ಹೊರಗೆ ಕುಳಿತುಕೊಳ್ಳಬೇಕಾದರೆ ನಾನೂ ಹೊರಗೇ ಕುಳಿತುಕೊಳ್ಳಬೇಕಲ್ಲ?"

ಅಣ್ಣ ಮಾತನಾಡಲಿಲ್ಲ. ಅಂದು ಇಂದ್ರರು ಎರಡು ಕೈಗಳಿಗೆ ಗಂಧೋದಕ ಕೊಟ್ಟು ಹೋದರು.

ಭಾದ್ರಪದದ ಎಚ್ಚರಿಕೆ

ಮರುವರ್ಷದ ದಶಲಕ್ಷಣ ಪರ್ವ ತಂಗಿಗೆ ಇನ್ನೊಂದು ಪಾಠವನ್ನು ಕಲಿಸಿತು.

ಅವರು ಸೇವಿಸುತ್ತಿದ್ದ ವಾರ್ಫರಿನ್ನಿನ ಹಿಂದೆಯೂ ಪ್ರಾಣಿಗಳ ಕಥೆಯಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೆಟ್ಟುಹೋದ ಒಂದು ಬಗೆಯ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. ವಿಸ್ಕಾನ್ಸಿನ್ನಿನ ಕಾರ್ಲ್ ಲಿಂಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಬೆಳೆದುಬಂದ ವಾರ್ಫರಿನ್ 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ. ಮನುಷ್ಯರ ಔಷಧಿಯಾದದ್ದು 1954ರಲ್ಲಿ. ಅದು ಕೆಲಸ ಮಾಡುವುದು ಕೆ ಜೀವಸತ್ವದ ಕಾರ್ಯವನ್ನು ತಡೆಯುವ ಮೂಲಕ. ಕೆ ಜೀವಸತ್ವ ಹೇರಳವಾಗಿರುವುದು ಹಸಿರು ಸೊಪ್ಪುಗಳಲ್ಲಿ. ಸೊಪ್ಪು ಹೆಚ್ಚು ತಿಂದರೆ ಮಾತ್ರೆಯ ಬಲ ಕುಗ್ಗಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸೊಪ್ಪನ್ನು ಥಟ್ಟನೆ ಬಿಟ್ಟರೆ ಬಲ ಹೆಚ್ಚಿ ರಕ್ತ ಸೋರಬಹುದು. ಈ ಸಮತೋಲವನ್ನು ಅಳೆಯುವುದು ಐ.ಎನ್.ಆರ್. ಎಂಬ ಪರೀಕ್ಷೆ. ಮಿಟ್ರಲ್ ಸ್ಥಾನದ ಯಾಂತ್ರಿಕ ಕವಾಟವಿದ್ದವರಲ್ಲಿ ಅದು ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕೆನ್ನುತ್ತಾರೆ.

ತಂಗಿಯ ಮನೆಯಲ್ಲಿ ವರ್ಷವಿಡೀ ಹರಿವೆ, ಬಸಳೆ, ನುಗ್ಗೆಸೊಪ್ಪು ಧಾರಾಳ. ಆಷಾಢದಲ್ಲಿ ಚಾತುರ್ಮಾಸ ತೊಡಗಿತೆಂದರೆ, ಮಳೆಗಾಲದ ಸೊಪ್ಪಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚೆಂದು, ಎಲ್ಲಕ್ಕೂ ತ್ಯಾಗ. ಅದು ಹಿಂದಿನಿಂದ ನಡೆದುಬಂದ ನಿಯಮ. 2019ರಲ್ಲಿಯೂ ಹಾಗೆಯೇ ನಡೆಯಿತು. ಭಾದ್ರಪದದಲ್ಲಿ ಏಕಾಶನ, ನಡುವೆ ಮೂರು ಉಪವಾಸ. ಮಾತ್ರೆ ಮಾತ್ರ ಹಳೆಯ ಅಳತೆಯಲ್ಲೇ ಮುಂದುವರಿಯಿತು. ಮಳೆಯ ನೆಪದಲ್ಲಿ ಎರಡು ತಿಂಗಳು ರಕ್ತಪರೀಕ್ಷೆಗೆ ಹೋಗಿರಲಿಲ್ಲ. ಪರ್ವದ ಏಳನೆಯ ದಿನ ಬೆಳಿಗ್ಗೆ ಮೂಗಿನಿಂದ ಹರಿದ ರಕ್ತ ಒಂದು ಗಂಟೆ ಕಳೆದರೂ ನಿಲ್ಲಲಿಲ್ಲ. ತೋಳಿನ ಮೇಲೆ ಅಂಗೈಯಗಲದ ನೀಲಿಗಟ್ಟಿದ ಕಲೆ. ಆಸ್ಪತ್ರೆಯಲ್ಲಿ ನೋಡಿದರೆ ಐ.ಎನ್.ಆರ್. ಏಳನ್ನು ದಾಟಿತ್ತು. ಅದೇ ರಕ್ತ ಮೂಗಿಗೆ ಬದಲು ಮೆದುಳಿನಲ್ಲಿ ಸೋರಿದ್ದರೆ ಆ ವರ್ಷದ ಅನಂತ ಚತುರ್ದಶಿಯನ್ನು ಅವರು ಕಾಣುತ್ತಿರಲಿಲ್ಲ.

ವೈದ್ಯರು ಮಾತ್ರೆ ನಿಲ್ಲಿಸಿ, ಅಲ್ಪಪ್ರಮಾಣದ ಕೆ ಜೀವಸತ್ವ ಕೊಟ್ಟು ಎರಡು ದಿನ ಇರಿಸಿಕೊಂಡರು. ಬಿಡುಗಡೆಯ ದಿನ ತಂಗಿ ಕೈಮುಗಿದು ಕೇಳಿದರು: "ವ್ರತ ಬಿಡಬೇಕೇ, ಡಾಕ್ಟ್ರೇ?"

"ಬಿಡಬೇಕೆಂದು ನಾನು ಹೇಳಲಿಲ್ಲವಲ್ಲ, ಅಮ್ಮ. ಯಾವಾಗ ಸೊಪ್ಪು ಬಿಡುತ್ತೀರಿ, ಯಾವಾಗ ಮತ್ತೆ ತಿನ್ನುತ್ತೀರಿ, ಎಷ್ಟು ದಿನ ಉಪವಾಸ ಎಂದು ನನಗೆ ಮೊದಲೇ ಹೇಳಿದ್ದರೆ ಮಾತ್ರೆಯ ಅಳತೆಯನ್ನು ಅದಕ್ಕೆ ಹೊಂದಿಸುತ್ತಿದ್ದೆ. ನಾಲ್ಕು ತಿಂಗಳು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕಾಗುತ್ತಿತ್ತು, ಅಷ್ಟೆ. ಕೆಲವು ಉಪವಾಸ ಬೇಡವೆಂದು ಹೇಳಬೇಕಾಗಿಯೂ ಬರಬಹುದು. ಆದರೆ ಹೇಳದೆ ಮಾತ್ರ ಮಾಡಬೇಡಿ. ಅಂದು ಯಾವ ಪ್ರಾಣಿಯೆಂದು ನೀವು ಕೇಳಿದಿರಿ, ನಾನು ಹೇಳಿದೆ. ಈ ಸಲ ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ತಪ್ಪು ಇಬ್ಬರದೂ."

ಹೇಳುವ ಧರ್ಮ

ಈ ಮಾತಿನಲ್ಲಿ ವೈದ್ಯನೀತಿಯ ಇಡೀ ಸಾರವಿದೆ. ಭಾರತದ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿಯಲ್ಲಿ ನೀಡಿದ ಪ್ರಸಿದ್ಧ ತೀರ್ಪಿನಲ್ಲಿ, ರೋಗಿಯ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಬೇಕಾದರೆ ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ಮಾರ್ಗಗಳನ್ನು ರೋಗಿಗೆ ಸಾಕಷ್ಟು ತಿಳಿಸಿರಬೇಕೆಂದು ಸ್ಪಷ್ಟಪಡಿಸಿತು. 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಾಣಿಮೂಲದ ಔಷಧಿ ಮತ್ತು ಕಸಿವಸ್ತುಗಳ ಕುರಿತು ಜಗತ್ತಿನ ಆರು ದೊಡ್ಡ ಧರ್ಮಗಳ ಪ್ರತಿನಿಧಿಗಳನ್ನು ಪ್ರಶ್ನಿಸಿ ಲೇಖನ ಪ್ರಕಟಿಸಿದರು. ಉತ್ತರಗಳು ಒಂದೇ ಆಗಿರಲಿಲ್ಲ. ಆದುದರಿಂದಲೇ ರೋಗಿಯ ನಂಬಿಕೆಯನ್ನು ವೈದ್ಯರು ಊಹಿಸದೆ ಅರಿತುಕೊಳ್ಳಬೇಕೆಂಬುದು ಅದರಿಂದ ದೊರೆಯುವ ಪಾಠ. ಆ ಆರರಲ್ಲಿ ಜೈನಧರ್ಮ ಸೇರಿರಲಿಲ್ಲ. ಪ್ರಾಣಿಹಿಂಸೆಯ ವಿಷಯದಲ್ಲಿ ಎಲ್ಲರಿಗಿಂತ ಸೂಕ್ಷ್ಮವಾಗಿ ಚಿಂತಿಸಿದ ಸಮಾಜವನ್ನು ಯಾರೂ ಕೇಳದಿದ್ದರೆ, ಆ ಸಮಾಜವೇ ಮುಂದೆ ಬಂದು ಹೇಳಬೇಕಾಗುತ್ತದೆ.

ವಿಜ್ಞಾನವೂ ನಿಂತಿಲ್ಲ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ತಳಿಗುಣ ಮಾರ್ಪಡಿಸಿದ ಹಂದಿಯ ಹೃದಯವನ್ನೇ ಮನುಷ್ಯನಿಗೆ ಕಸಿಮಾಡಲಾಯಿತು; ರೋಗಿ ಎರಡು ತಿಂಗಳು ಬದುಕಿದ್ದರು. ಅಂಗಕ್ಕಾಗಿಯೇ ಪ್ರಾಣಿಯನ್ನು ಸಾಕಿ ಕೊಲ್ಲುವ ಆ ಮಾರ್ಗಕ್ಕೆ ಉಳಿಕೆಯ ವಸ್ತುವೆಂಬ ಸಮಾಧಾನವೂ ಅನ್ವಯಿಸದು. ಇನ್ನೊಂದೆಡೆ, ಪ್ರಾಣಿಯ ಪೊರೆಗೆ ಬದಲು ಮೆದುವಾದ ಪಾಲಿಮರ್ ಎಲೆಗಳುಳ್ಳ ಕವಾಟಗಳು ಸಿದ್ಧವಾಗಿ, ಭಾರತದ ಆಸ್ಪತ್ರೆಗಳಲ್ಲಿಯೂ ರೋಗಿಗಳಿಗೆ ಅಳವಡಿಸಿ ಪರೀಕ್ಷಿಸಲ್ಪಟ್ಟಿವೆ. ಅವು ಎಷ್ಟು ಕಾಲ ಬಾಳುವುವೆಂಬುದನ್ನು ಕಾಲವೇ ಹೇಳಬೇಕು. ಉಗ್ರಾದಿತ್ಯರು ಹುಡುಕಿದ ಮಾರ್ಗವನ್ನು ವಸ್ತುವಿಜ್ಞಾನಿಗಳು ಬೇರೆ ಕಾರಣಕ್ಕಾಗಿ ಹುಡುಕುತ್ತಿದ್ದಾರೆ. ಬಸದಿಗಳ ಜೀರ್ಣೋದ್ಧಾರಕ್ಕೆ ಹರಿದುಬರುವ ದಾನದಲ್ಲಿ ಒಂದು ಪಾಲು ಇಂತಹ ಸಂಶೋಧನೆಗೆ ಸಂದರೆ ಅದು ಜೀವದಯೆಗೆ ಸಂದಂತೆಯೇ.

ಅಣ್ಣನ ಕಥೆ ಉಳಿಯಿತು. ಮುಂದಿನ ವರ್ಷಗಳಲ್ಲೊಂದು ಚಾತುರ್ಮಾಸದಲ್ಲಿ ಆ ಪ್ರಾಂತ್ಯದಲ್ಲಿ ನಿಂತಿದ್ದ ಮುನಿಗಳ ಬಳಿಗೆ ಪಂಡಿತರು ಅವರನ್ನು ಕರೆದೊಯ್ದರು. ಹಿರಿಯರು ಎಲ್ಲವನ್ನೂ ನಿವೇದಿಸಿಕೊಂಡರು. ಮುನಿಗಳು ಬಹಳ ಹೊತ್ತು ಕೇಳಿ, ನಿತ್ಯವೂ ಜಪವೊಂದನ್ನು ಪ್ರಾಯಶ್ಚಿತ್ತವಾಗಿ ವಿಧಿಸಿ, ಇನ್ನೊಂದು ಮಾತು ಸೇರಿಸಿದರು: ತಿಳಿಯದೆ ನಡೆದದ್ದರ ಭಾರಕ್ಕಿಂತ, ತಿಳಿದ ಮೇಲೆ ಇನ್ನೊಬ್ಬರಿಗೆ ತಿಳಿಸದಿರುವುದರ ಭಾರ ಹೆಚ್ಚು.

ಅಂದಿನಿಂದ ಆ ಗ್ರಾಮದಲ್ಲಿ ಯಾರಿಗೇ ಶಸ್ತ್ರಚಿಕಿತ್ಸೆಯಾಗುವುದಿದ್ದರೂ ಹಿರಿಯರು ಅವರ ಮನೆಗೆ ಹೋಗುತ್ತಾರೆ. ಕೈಯಲ್ಲಿ ಕನ್ನಡದಲ್ಲಿ ಬರೆದ ಒಂದು ಹಾಳೆ. ದೇಹದೊಳಗೆ ಇಡುವ ವಸ್ತು ಯಾವುದರಿಂದಾದದ್ದು? ಅದಕ್ಕೆ ಬದಲಿ ಉಂಟೇ? ಬದಲಿಯಿಂದ ಪ್ರಾಣಕ್ಕೆ ಅಪಾಯವೆಷ್ಟು? ಉಪವಾಸ, ರಾತ್ರಿಭೋಜನತ್ಯಾಗ, ಚಾತುರ್ಮಾಸದ ನಿಯಮಗಳಿಗೆ ಮಾತ್ರೆಯ ಹೊತ್ತನ್ನೂ ಅಳತೆಯನ್ನೂ ಹೇಗೆ ಹೊಂದಿಸುವುದು? "ಇದನ್ನು ಕೇಳಿಯೇ ಸಹಿ ಹಾಕಿ. ಕೇಳಿದ ಮೇಲೆ ವೈದ್ಯರು ಪ್ರಾಣಕ್ಕೆ ಇದೇ ಬೇಕೆಂದರೆ ಹಿಂಜರಿಯಬೇಡಿ. ನನ್ನ ಹಾಗೆ ಜಗಲಿಯಲ್ಲಿ ವರ್ಷಗಟ್ಟಲೆ ಕೂರಬೇಡಿ" ಎನ್ನುತ್ತಾರೆ. ಮಕ್ಕಳಿರುವ ಮನೆಯಾದರೆ, ಜ್ವರದೊಡನೆ ಗಂಟಲುನೋವು ಬಂದರೆ ಕಷಾಯದಲ್ಲೇ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕೆಂದೂ ಎಚ್ಚರಿಸುತ್ತಾರೆ. ಆ ಹೊತ್ತಿಗೆ ಕೊಡುವ ಕೆಲವು ರೂಪಾಯಿಗಳ ಪೆನಿಸಿಲಿನ್, ಮುಂದೆ ಹಂದಿಯೂ ಬೇಡ, ಕುರಿಯೂ ಬೇಡ, ಲೋಹವೂ ಬೇಡ ಎನ್ನುವಂತೆ ಮಾಡಬಲ್ಲದು. ಹಿಂಸೆಯನ್ನು ಬೇರಿನಲ್ಲೇ ತಪ್ಪಿಸುವ ಚಿಕಿತ್ಸೆ ಅದೇ.

ಆ ವರ್ಷದ ಆಶ್ವಯುಜದಲ್ಲಿ ಜೀವದಯಾಷ್ಟಮಿಯ ನೋಂಪಿಯ ದಿನ ಅಣ್ಣತಂಗಿಯರಿಬ್ಬರೂ ಬಸದಿಯ ಮೆಟ್ಟಿಲು ಹತ್ತಿ ಒಳಗೆ ಹೋದರು. ಏದುಸಿರಿನ ಮಾತನ್ನು ಯಾರೂ ಎತ್ತಲಿಲ್ಲ. ಪೂಜೆ ಮುಗಿದು ಎಲ್ಲರೂ ಸಾಮಾಯಿಕಕ್ಕೆ ಕುಳಿತಾಗ ಬಸದಿ ನಿಶ್ಶಬ್ದವಾಯಿತು. ತಂಗಿಯ ಎದೆಯೊಳಗಿನ ಬಿಲ್ಲೆ ತೆರೆದು ಮುಚ್ಚುವ ಸಣ್ಣ ಸದ್ದು ಪಕ್ಕದಲ್ಲಿ ಕುಳಿತಿದ್ದ ಅಣ್ಣನಿಗೂ ಕೇಳಿಸುತ್ತಿತ್ತು. ಅವರ ಕವಾಟಕ್ಕೆ ಸದ್ದಿರಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ, ಸಕಲ ಜೀವಿಗಳ ಕ್ಷಮೆಯನ್ನು ಬೇಡಿದರು.